ಬಶೀರಣ್ಣನ ಟ್ರೈನಿಂಗ್

ಮನಸ್ಸಿನ ಕಾಯಿಲೆ ಇರುವವರ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವುದು ನನ್ನ ಕೆಲಸ. ಏಳು ವರ್ಷದ ಮೇಲೆ ಸೂಪರ್‌ವೈಸರ್ ಅಂತ ಆರ್ಡರ್ ಬಂತು ನೋಡಿ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚನ್ನಪಟ್ಟಣದ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿಬಿಟ್ಟೆ!

ಬೊಂಬೆ ಮಾಡುವ ಬಶೀರಣ್ಣನ ಕೈಗೆ ಮೈಸೂರುಪಾಕು ಇಟ್ಟು, "ಇನ್ಮೇಲೆ ನಾನು ಬರಲ್ಲ, ಹೊಸ ಹುಡುಗಿ ಬರ್ತಾಳೆ," ಅಂದೆ. ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕೂತಿದ್ದ ಮನುಷ್ಯ. ಮತ್ತೆ ಹಾಕಿಕೊಂಡರೆ ಎಂಬ ಅಳುಕು ನನಗೆ.

ಅವರು ಮೈಸೂರುಪಾಕು ಪೂರಾ ಮುಗಿಸಿದರು. "ಕಳ್ಸಿ ಮೇಡಂ. ಒಸಿ ಟ್ರೈನಿಂಗ್ ಕೊಡ್ತೀನಿ."

"ನೀವಾ?"

"ನಿಮ್ಗೆ ಇನ್ಯಾರು ಕೊಟ್ಟಿದ್ದು? ಮೊದ್ಲು ಬಂದಾಗ ಪೆನ್ನು ಹಿಡ್ಕೊಂಡು, ನಿದ್ದೆ ಬತ್ತದಾ, ಊಟ ಸೇರ್ತದಾ ಅಂತ ತಲೆ ತಿಂದ್ರಿ. ಸುಮ್ನೆ ಕೂತು ಟೀ ಕುಡಿಯೋದು ಕಲ್ಸಕ್ಕೆ ಮೂರು ತಿಂಗ್ಳು ಆಯ್ತು ನಂಗೆ!"

ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ.

ಮುಂದಿನ ವಾರ ಹೊಸ ಹುಡುಗಿಯ ಫೋನು, ಪಿಸುದನಿಯಲ್ಲಿ. "ಮೇಡಂ, ಬಶೀರಣ್ಣ ಟೀ ಕೊಟ್ಟು ನನ್ನ ಪೆನ್ನು ಇಸ್ಕೊಂಡ್ಬುಟ್ಟವ್ರೆ. ಒಂದು ಗಂಟೆಯಿಂದ ಸುಮ್ನೆ ಕೂತಿದೀನಿ. ಏನ್ ಮಾಡ್ಲಿ?"

ಸೂಪರ್‌ವೈಸರಾಗಿ ನಾನು ಕೊಟ್ಟ ಮೊದಲ ಆದೇಶ: "ಇನ್ನೊಂದು ಲೋಟ ಕೇಳು."