ವಿಲ್ಮಾ ತನ್ನ ಬೈಕಿಗೆ ಹೊಸ ಶಾಕ್ ಹಾಕಿದ್ದು

ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ ಊರಿನಲ್ಲಿ ನನ್ನ ಪಕ್ಕದ ಮನೆಯವಳು ವಿಲ್ಮಾ ಟ್ರೆಂಗೋವ್. ಅರವತ್ತೆಂಟು ವರ್ಷ, ಮದುವೆಯಾಗಿರಲಿಲ್ಲ, ಮೂವತ್ತು ವರ್ಷ ವಾಲರೂ ಬಂದರಿಗೆ ಗೋಧಿ ಲಾರಿ ಓಡಿಸಿದವಳು. ಅವಳ ಬಳಿ ೧೯೬೬ರ ಬಿಎಸ್‌ಎ ಬೈಕ್ ಇತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಸ್ವಂತ ಸಂಬಳದಿಂದ ಕೊಂಡದ್ದು. ಆದರೂ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಗಂಡಸರೆಲ್ಲ ಕೇಳುತ್ತಿದ್ದದ್ದು ಒಂದೇ: "ನಿಮ್ಮ ಯಜಮಾನ್ರ ಗಾಡಿನಾ?"

"ಯಜಮಾನಿ ನಾನೇ" ಎಂದು ಅವಳು ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದಳು. ನಲವತ್ತಾರು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಅವಳ ಸಿಟ್ಟು ಒಂದು ದಿನದ್ದಲ್ಲ.

ಆ ವರ್ಷ ಅವಳ ಬೆನ್ನು ಕೈಕೊಟ್ಟಿತು. ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರುಗಳ ಎಣ್ಣೆ ಸೋರಿ, ಒಳಗೇನೂ ಉಳಿದಿರಲಿಲ್ಲ. ಸಣ್ಣ ಗುಂಡಿ ಬಂದರೂ ಪೆಟ್ಟು ನೇರ ಬೆನ್ನುಮೂಳೆಗೆ. ಗಾಡಿ ಬಿಟ್ಟುಬಿಡಿ ಎಂದರು ಡಾಕ್ಟರು. ಅವಳು ಡಾಕ್ಟರನ್ನೇ ಬಿಟ್ಟು, ಈಗಿನವರು ಹಳೆ ಬೈಕುಗಳಿಗೆಂದು ಮಾಡುವ ಒಂದು ಜೊತೆ ಶಾಕ್ ತರಿಸಿದಳು. ಅಳತೆಯೇನೋ ಹಳೆಯದರದ್ದೇ. ಆದರೆ ಸ್ಪ್ರಿಂಗಿನ ಮೇಲೆ ಮುಚ್ಚಳವಿಲ್ಲ. ನೋಡಿದ ಕೂಡಲೇ ಹೊಸದೆಂದು ಗೊತ್ತಾಗುತ್ತಿತ್ತು.

ಜೂನ್ ತಿಂಗಳ ಚಳಿಯಲ್ಲಿ ಅವಳ ಶೆಡ್ಡಿನಲ್ಲಿ ಕೆಲಸ ನಡೆಯಿತು. ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ಎತ್ತಿ, ಚಕ್ರದ ಕೆಳಗೆ ಹಲಗೆ ಕೊಟ್ಟೆವು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಚಕ್ರ ಕುಸಿಯುತ್ತದೆಂದು ಒಂದೊಂದಾಗಿಯೇ ಬಿಚ್ಚಿದಳು. ಎಡಗಡೆಯ ಮೇಲಿನ ಬೋಲ್ಟ್ ತುಕ್ಕು ಹಿಡಿದು ಮಿಸುಕಲೇ ಇಲ್ಲ. ಎರಡು ದಿನ ಎಣ್ಣೆ ಬಿಟ್ಟು, ಕಾಯಿಸಿ, ಮತ್ತೆ ಎಣ್ಣೆ ಬಿಟ್ಟು ಕೊನೆಗೂ ತಿರುಗಿಸಿದಳು. ಹೊಸದರ ಸ್ಪ್ರಿಂಗ್ ಚೈನ್ ಕವರಿಗೆ ತಾಗುತ್ತಿತ್ತು, ಒಳಗೊಂದು ವಾಶರ್ ಕೊಟ್ಟು ಸರಿಸಿದಳು. ಬೈಕ್ ನೆಲಕ್ಕಿಳಿಸಿ, ತಾನೇ ಹತ್ತಿ ಕೂತು, "ಈಗ ಬೋಲ್ಟ್ ಬಿಗಿ ಮಾಡು. ಭಾರ ಇಲ್ದೇ ಬಿಗಿದ್ರೆ ಒಳಗಿನ ರಬ್ಬರ್ ತಿರುಚಿಕೊಂಡು ಹರಿದೋಗುತ್ತೆ" ಎಂದು ಸ್ಪ್ಯಾನರ್ ನನ್ನ ಕೈಗೆ ಕೊಟ್ಟಳು.

ವಾಲರೂವರೆಗೆ ಹೋಗಿ ಬಂದವಳು ಇಳಿದು ಹೆಲ್ಮೆಟ್ ಬಿಚ್ಚಿದಳು.

"ಬೆನ್ನು ಅಂತ ಒಂದಿದೆ ಅನ್ನೋದೇ ಮರ್ತೋಗಿತ್ತು ಕಣೇ" ಎಂದಳು.

ಆದರೆ ಅಂಥ ಹಳೆ ಬೈಕಿಗೆ ಕಡಿಮೆ ಶುಲ್ಕದಲ್ಲಿ ಸಿಗುವ ರಿಯಾಯಿತಿ ನಂಬರ್ ಪ್ಲೇಟ್ ಉಳಿಯಬೇಕೆಂದರೆ ವರ್ಷಕ್ಕೊಮ್ಮೆ ನಮ್ಮ ಬೈಕ್ ಕ್ಲಬ್ಬಿನವರು ಗಾಡಿ ನೋಡಿ ಅದರ ಪುಸ್ತಕಕ್ಕೆ ಸಹಿ ಹಾಕಬೇಕು. ಸಹಿ ಹಾಕುವವನು ಲೈಲ್ ರೊಡ್ಡಾ. ಭಾನುವಾರ ಕ್ಲಬ್ ಹಾಲ್‌ನ ಅಂಗಳದಲ್ಲಿ ಅವನು ಅವಳ ಬೈಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ.

"ಇದು ಆಗಲ್ಲ ನೋಡಮ್ಮ ವಿಲ್ಮಾ. ಕಂಪನಿಯಿಂದ ಬಂದ ಹಾಗೇ ಇರ್ಬೇಕು ಗಾಡಿ. ಹಳೇದನ್ನೇ ಹಾಕ್ಕೊಂಡ್ ಬಾ."

"ಹಳೇದು ಸತ್ತಿದೆ ಲೈಲ್."

"ಹಂಗಾದ್ರೆ ಪ್ರದರ್ಶನಕ್ಕಿಡು. ಈ ವಯಸ್ಸಲ್ಲಿ ಓಡಿಸ್ಲೇಬೇಕು ಅಂತ ಯಾರು ಕೇಳಿದ್ರು?"

ಸುತ್ತ ನಿಂತ ಮೂವತ್ತು ಜನರಲ್ಲಿ ಕೆಲವರು ನಕ್ಕರು. ವಿಲ್ಮಾಳ ಕುತ್ತಿಗೆ ಕೆಂಪಾದದ್ದು ನನಗೆ ಕಂಡಿತು. ಅವಳು ದನಿ ಏರಿಸಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಲೈಲನ ಬೈಕಿನ ಬಳಿ ಹೋಗಿ ಮಂಡಿಯೂರಿದಳು.

"ಏಯ್, ಏನ್ ಮಾಡ್ತಿದೀಯ?"

ಅವಳು ಎಂಜಿನ್ ಪಕ್ಕದ ಸಣ್ಣ ಮುಚ್ಚಳ ಬಿಚ್ಚಿ ಹಿಡಿದಳು. ಒಳಗೆ ಹೊಸ ಎಲೆಕ್ಟ್ರಾನಿಕ್ ಇಗ್ನಿಷನ್. ಅವನ ೧೯೬೦ರ ದಶಕದ ಬೈಕಿಗೆ ಕಂಪನಿ ಹಾಕಿಯೇ ಇರದಿದ್ದ ವಸ್ತು.

"ಇದು ಯಾವ ಕಂಪನಿಯಿಂದ ಬಂದ ಹಾಗೆ ಲೈಲ್? ಕಿಕ್ ಹೊಡೆಯೋಕೆ ಮಂಡಿ ನೋವು, ಸುಲಭಕ್ಕೆ ಸ್ಟಾರ್ಟ್ ಆಗ್ಬೇಕು ಅಂತ ನನ್ ಶೆಡ್ಡಿಗೆ ಬಂದೆ. ನಾನೇ ವೈರು ಬೆಸೆದುಕೊಟ್ಟೆ. ಯಾರಿಗೂ ಹೇಳ್ಬೇಡ ಅಂದೆ, ಹೇಳ್ಲಿಲ್ಲ. ನಿನ್ ಮಂಡಿಗೊಂದು ರೂಲು, ನನ್ ಬೆನ್ನಿಗೊಂದಾ?"

ಲೈಲನ ಮುಖ ಬಿಳಿಚಿಕೊಂಡಿತು. ಯಾರೋ ಹಿಂದಿನಿಂದ, "ಹೋಗ್ಲಿ ಬಿಡು ವಿಲ್ಮಾ, ಯಾಕ್ ಸುಮ್ನೆ ಜಗಳ" ಎಂದರು. ಅವನಿಗಲ್ಲ, ಅವಳಿಗೆ. ಆ ಮಾತು ಅವಳನ್ನು ಇನ್ನಷ್ಟು ಕೆರಳಿಸಿತು. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಬೇಗ ಬಂದು ಇವರೆಲ್ಲರಿಗೂ ಚಹಾಕ್ಕೆ ನೀರಿಡುತ್ತಿದ್ದವಳು ಅವಳೇ. ಹಾಲ್‌ನ ಅಡುಗೆಮನೆಯ ಬೀಗದ ಕೈ ತೆಗೆದು ಲೈಲನ ಸೀಟಿನ ಮೇಲಿಟ್ಟಳು.

"ಇನ್ಮೇಲೆ ನೀವೇ ಮಾಡ್ಕೊಂಡು ಕುಡೀರಿ."

ಮರುದಿನವೇ ರಿಯಾಯಿತಿ ಬಿಟ್ಟು, ಎಲ್ಲ ಗಾಡಿಗಳಂತೆ ಪೂರ್ತಿ ನೋಂದಣಿ ಮಾಡಿಸಿದಳು. ತಪಾಸಣೆಯವನು ಶಾಕುಗಳನ್ನು ಒತ್ತಿ ನೋಡಿ, "ಚೆನ್ನಾಗ್ ಕೂರಿಸಿದಾರೆ, ಯಾರು ಮಾಡಿದ್ದು?" ಎಂದು ಕೇಳಿದನಂತೆ. ಅದನ್ನು ನನಗೆ ಹೇಳುವಾಗಲೂ ಅವಳು ನಗಲಿಲ್ಲ.

ಮೂರು ವಾರದ ಮೇಲೆ ಲೈಲ್ ಅವಳ ಗೇಟಿಗೆ ಬಂದ. ನಾನು ನಮ್ಮ ಬೇಲಿಯ ಬಳಿ ಬಟ್ಟೆ ಹರವುತ್ತಿದ್ದೆ.

"ಪುಸ್ತಕ ಕೊಡು, ಸಹಿ ಹಾಕ್ತೀನಿ."

"ಬೇಡ."

ಅವನು ಹೋಗಲಿಲ್ಲ. ಗೇಟಿನ ಬಣ್ಣ ಕೆರೆಯುತ್ತಾ, "ಆ ಶಾಕು... ಎಲ್ಲಿಂದ ತರಿಸ್ದೆ? ನನ್ ಸೊಂಟನೋವೂ ಬಿಡ್ತಿಲ್ಲ" ಎಂದ.

ವಿಲ್ಮಾ ಅವನನ್ನು ದಿಟ್ಟಿಸಿದಳು. ನಾನಾಗಿದ್ದರೆ ಆ ಕ್ಷಣಕ್ಕೆ ಕರಗಿಬಿಡುತ್ತಿದ್ದೆ.

"ಹೇಳ್ತೀನಿ. ಹಾಕಿಯೂ ಕೊಡ್ತೀನಿ" ಎಂದಳು. "ಆದ್ರೆ ಇಲ್ಲಲ್ಲ. ಭಾನುವಾರ ಕ್ಲಬ್ ಹಾಲ್‌ಗೆ ಬರ್ತೀನಿ. ಆ ಮೂವತ್ತು ಜನದ ಮುಂದೆ ಕೇಳು."

ಆ ಭಾನುವಾರ ಅವಳು ಹೋಗಿದ್ದಳು. ಲೈಲ್ ಅಲ್ಲೇ ಇದ್ದ, ಆದರೆ ಎಲ್ಲರ ಮುಂದೆ ಕೇಳಲಿಲ್ಲ. ಹತ್ತು ನಿಮಿಷ ಕಾದು, ಬೈಕ್ ತಿರುಗಿಸಿಕೊಂಡು ಸಮುದ್ರದ ಕಡೆ ಹೊರಟಳು.