ಉಚ್ಚಾರಣೆಯ ಮಾಸ್ತರರು

ಹೈದರಾಬಾದಿನ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ನಮಗೆ ಇಂಗ್ಲಿಷ್ ಉಚ್ಚಾರಣೆ ಕಲಿಸಿದವರು ಕಲಬುರಗಿ ಕಡೆಯ ಮಾಸ್ತರರು. ಬೋರ್ಡಿನ ಮೇಲೆ ಧ್ವನಿಸಂಕೇತ ಬರೆದು, "ಸ್ಪೆಲಿಂಗ್ ಮರೀರಿ, ಬಾಯಿ ನೋಡ್ರಿ" ಎನ್ನುತ್ತಿದ್ದರು. ಗಂಟಲಿನ ಆಪರೇಷನ್ ಆಗಿ ಅವರ ದನಿಯೇ ಹೋಯಿತು. ಇನ್ನು ಬರಲಾರರು ಎಂದುಕೊಂಡಿದ್ದೆವು. ಗಾಯ ಮಾಯುತ್ತಲೇ ಬಂದರು.

'ಜ಼ೀರೊ' ಎನ್ನಲಾಗದೆ 'ಜೀರೊ' ಎಂದು ಸಂದರ್ಶನದಲ್ಲಿ ನಗೆಪಾಟಲಾಗಿದ್ದ ಗದಗಿನ ನರ್ಸ್ ಒಬ್ಬಳು ಅಂದು ಎದ್ದು ನಿಂತಳು. "ನನಗ ಬರಂಗಿಲ್ರಿ ಸರ್, ಕ್ಲಾಸ್ ಬಿಡ್ತೀನಿ."

ಮಾಸ್ತರರು ಬೋರ್ಡಿನ ಮೇಲೆ s ಬರೆದರು, ಪಕ್ಕದಲ್ಲಿ z. ಅವಳದೇ ಗಂಟಲ ಮೇಲೆ ಕೈಯಿಡುವಂತೆ ಅವಳಿಗೆ ಸನ್ನೆ ಮಾಡಿದರು. ಅವರ ಬೆರಳು s ಮೇಲಿದ್ದಷ್ಟು ಹೊತ್ತು ಅವಳು 'ಸ್ಸ್' ಎಂದಳು. ಬೆರಳು z ಕಡೆ ಸರಿದಾಗ ಬಾಯಿ ಹಾಗೇ ಇಟ್ಟು ಅದೇ 'ಸ್ಸ್'ಗೆ ದನಿ ಸೇರಿಸಿದಳು.

"ಸರ್, ಗಂಟಲು ಜುಮ್ ಅನ್ನಾಕತ್ತೈತ್ರಿ! ಜ಼ೀರೊ!"

ಮಾಸ್ತರರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮತ್ತೊಮ್ಮೆ ಹೇಳು ಎಂದು ಬೆರಳೆತ್ತಿದರು.