ಕಾರಿನ ಗಾಜಿನ ಬುಡಕ್ಕೆ ಇಟ್ಟ ಹೂವು

“ಕಿಟಕಿ ತೆಗಿ ಕಣಮ್ಮಿ, ಉಸ್ರು ಕಟ್ತದೆ.”

ಅಕ್ಕ ಹೀಗೆಂದಾಗ ನಮ್ಮ ಕಾರು ಮೊಸಳೆ ಹೊಸಹಳ್ಳಿ ದಾಟಿತ್ತು. ಹಾಸನದ ಆಸ್ಪತ್ರೆಯಿಂದ ಅವಳು ಆಗಷ್ಟೇ ಡಿಸ್ಚಾರ್ಜ್ ಆಗಿದ್ದಳು. ಹೊಳೆನರಸೀಪುರದ ನಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳೋಣವೆಂದು ಕರೆದುಕೊಂಡು ಹೊರಟಿದ್ದೆ. ಡಾಕ್ಟರು ಹೇಳಿದ್ದು ಒಂದೇ ಮಾತು: ಶ್ವಾಸಕೋಶ ಸೋತಿದೆ, ಧೂಳು ಸೋಕಬಾರದು, ಕಿಟಕಿ ಮುಚ್ಚಿ ಎ.ಸಿ. ಹಾಕಿಕೊಂಡು ಹೋಗಿ.

ಮುಚ್ಚಿದ್ದೆವು. ಹಾಕಿದ್ದೆವು. ಆದರೆ ಎ.ಸಿ. ಗುಂಯ್ ಎನ್ನುತ್ತಿತ್ತೇ ಹೊರತು ತಣ್ಣನೆಯ ಗಾಳಿ ಬರುತ್ತಿರಲಿಲ್ಲ. ಬಂದ ಅಷ್ಟಿಷ್ಟು ಗಾಳಿಯಲ್ಲೂ ಕೊಳೆತ ವಾಸನೆ. ಹೊರಗೆ ರಸ್ತೆ ಕೆಲಸದ ಕೆಂಧೂಳು. ಕಿಟಕಿ ತೆಗೆಯುವುದೋ, ಮುಚ್ಚಿಯೇ ಇರುವುದೋ?

(ಎರಡು ವಾರದ ಹಿಂದೆಯೇ ಗಾಳಿ ಸೊರಗಿತ್ತು. ನಮ್ಮೂರಿನ ಮೆಕ್ಯಾನಿಕ್ “ಗ್ಯಾಸ್ ಹೋಗ್ಬುಟ್ಟದೆ” ಎಂದು ತುಂಬಿಸಿ ಕಳಿಸಿದ್ದ. ಸರಿಹೋಯಿತು ಅನ್ನಿಸಿತ್ತು. ಅನ್ನಿಸಿತ್ತು, ಅಷ್ಟೆ.)

ಮಕ್ಕಳೇ, ನಿಮ್ಮ ತಾತನ ಕಾಲದಿಂದ ಈ ಕಾರು ಓಡಿಸುತ್ತಿರುವ ಜವರಪ್ಪ ಏನೂ ಕೇಳದೆ ಹಾಸನಕ್ಕೇ ತಿರುಗಿಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕನ ತುಟಿ ನೀಲಿಗಟ್ಟಿತ್ತು. ಮತ್ತೆ ಆಕ್ಸಿಜನ್.

ಮರುದಿನ ಬೆಳಿಗ್ಗೆ ಹಾಸನದ ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿಯ ಮೆಕ್ಯಾನಿಕ್ ಎ.ಸಿ.ಯ ಫ್ಯಾನನ್ನು ಪೂರ್ತಿ ಜೋರು ಮಾಡಿ, ಗಾಳಿ ಬರುವ ಕಡೆ ಕೈಯಿಟ್ಟ.

“ನೋಡಿ ಅಮ್ಮಾ, ಸದ್ದು ಐತೆ, ಗಾಳಿ ಇಲ್ಲ. ಗ್ಯಾಸ್ ಹೋಗಿದ್ರೆ ಗಾಳಿ ಜೋರಾಗೇ ಬತ್ತದೆ, ತಣ್ಣಗಿರಕ್ಕಿಲ್ಲ ಅಷ್ಟೆ. ಇದು ಬ್ಯಾರೆ.”

ಮುಂದಿನ ಸೀಟಿನೆದುರಿನ ಡಬ್ಬಿಯನ್ನು ಕಳಚಿ, ಅದರ ಹಿಂದಿದ್ದ, ಗಾಳಿ ಸೋಸುವ ಫಿಲ್ಟರ್ ಎಳೆದು ತೆಗೆದ. ಜೋರಾಗಿ ನಕ್ಕುಬಿಟ್ಟ.

“ಇದ್ರೊಳ್ಗೆ ದೇವಸ್ಥಾನ್ವೇ ಐತಲ್ಲಪ್ಪಾ!”

ಕೊಳೆತ ಚೆಂಡುಹೂವಿನ ಎಸಳು, ಪುಡಿಯಾದ ಪತ್ರೆ, ನೀರು ಕುಡಿದು ಗಾರೆಯಂತೆ ಗಟ್ಟಿಯಾದ ವಿಭೂತಿ.

“ಮುಂದ್ಲ ಗಾಜಿನ ಬುಡ್ದಾಗೆ ಜಾಲರಿ ಐತಲ್ಲ, ಕಾರು ಗಾಳಿ ಎಳ್ಕಳೋದೇ ಅಲ್ಲಿಂದ. ಅಲ್ಲೇ ಹೂ ಮಡುಗ್ತೀರಾ? ಯಾರು ಪೂಜೆ ಮಾಡೋರು?”

ನಾನು. ನಿಮ್ಮ ತಾತ ಹೋದಂದಿನಿಂದ ಪ್ರತಿ ಸೋಮವಾರ ಅವರ ಕಾರಿಗೆ ನೀರು ಚಿಮುಕಿಸಿ, ವಿಭೂತಿ ಬಳಿದು, ಗಾಜಿನ ಬುಡಕ್ಕೆ ಹೂವಿಡುವವಳು ನಾನೇ. ಫೋಟೊಗೆ ಹೂ ಹಾಕಿದರೆ ಗೋಡೆಗೆ ಹಾಕಿದಂತಾಗುತ್ತಿತ್ತು. ಕಾರಿಗೆ ಹಾಕಿದರೆ, ಅವರು ಚಪ್ಪಲಿ ಮೆಟ್ಟಿಕೊಂಡು ಈಗ ಹೊರಟಾರು ಅನ್ನಿಸುತ್ತಿತ್ತು.

ಆದರೆ ಬಾಯಿ ತೆರೆಯಲಿಲ್ಲ. ಜವರಪ್ಪ ನನ್ನ ಮುಖ ನೋಡಿದ.

“ನಾನೇ ಕಣಣ್ಣ,” ಎಂದ.

“ಇಷ್ಟ್ ವರ್ಸ ಗಾಡಿ ಓಡ್ಸಿದ್ದೀಯ, ಇಷ್ಟೂ ಗೊತ್ತಾಗಕ್ಕಿಲ್ವಾ ನಿಂಗೆ?”

ಆ ವಯಸ್ಸಿನ ಮನುಷ್ಯ ತಲೆ ತಗ್ಗಿಸಿ ಬೈಸಿಕೊಂಡ. ನಾನು ಸೆರಗಿನ ಅಂಚು ತಿರುವುತ್ತ ನಿಂತಿದ್ದೆ. (ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ಅವತ್ತು ಮಾತ್ರ ಅದು ನೆಪ.)

ಆಯುಧಪೂಜೆಯ ದಿನ ಟ್ರ್ಯಾಕ್ಟರಿನಿಂದ ಮಿಕ್ಸಿಯವರೆಗೆ ಎಲ್ಲಕ್ಕೂ ಹೂ ಏರಿಸುತ್ತೇವೆ. ಯಾವುದು ಎಲ್ಲಿಂದ ಉಸಿರಾಡುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಹೊಸ ಫಿಲ್ಟರ್ ಹಾಕಿದ ಮೇಲೆ ಗಾಳಿ ಎಷ್ಟು ತಣ್ಣಗೆ ಬಂತೆಂದರೆ ನನಗೆ ಅಳು ಬಂತು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಅಕ್ಕ ಮಾಸ್ಕ್ ಸರಿಸಿ ಕೇಳಿದಳು, “ಏನಾಗಿತ್ತಂತೆ ಕಾರ್ಗೆ?”

“ಗ್ಯಾಸ್ ಹೋಗಿತ್ತಂತೆ ಕಣಕ್ಕ.”

“ಅಂಗೇ ಅಂದ್ಕಂಡೆ. ನೀನು ಕೈ ಮುಗ್ಯೋ ಕಾರು ನಂಗ್ಯಾಕೆ ಕೇಡು ಮಾಡ್ತದೆ, ಬುಡು.”

ಅದಾಗಿ ಆರು ದಿನವಾಯಿತು. ಆಕ್ಸಿಜನ್ ಇನ್ನೂ ತೆಗೆದಿಲ್ಲ. ಆ ಪ್ರಯಾಣದಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಲು ಹೋದವಳು, ಊಟಕ್ಕೆ ಏನು ಕೊಡಲಿ ಎಂದು ಕೇಳಿ ಬಂದೆ. ದಿನಾ ಅಕ್ಕನ ಕೈ ಹಿಡಿದು ಕೂರುತ್ತೇನೆ. ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತೇನೆ. ಎದ್ದು ಬರುತ್ತೇನೆ.

ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಅಕ್ಕನಿಗೆ ಓದು ಬಾರದು.

ಮೊಮ್ಮಕ್ಕಳೇ, ಅವಳ ಪಕ್ಕ ಕೂತು ಇದನ್ನು ಓದಿ ಹೇಳುವವರು ನಿಮ್ಮಲ್ಲಿ ಯಾರು?